ಕಾಣದ ಬೆಳಕಿನಲ್ಲಿ ಕಂಡ ಕಣಿವೆ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಸಾನ್‌ಫ್ರಾನ್ಸಿಸ್ಕೋ ಪಟ್ಟಣದಿಂದ ಪೂರ್ವಕ್ಕೆ ಮೋಟಾರಿನಲ್ಲಿ ಸುಮಾರು 4 ಗಂಟೆಗಳ ದಾರಿಯಲ್ಲಿ, ಯೊಸೆಮಿಟಿ ಎಂಬ ಕಣಿವೆಯುಂಟು. 1933ರಲ್ಲಿ ತೆರೆದ ವವೋನಾ ಸುರಂಗವನ್ನು ದಾಟಿ ಹೊರಬಂದೊಡನೆ ಕಣಿವೆಯೆಲ್ಲವೂ ಒಮ್ಮೆಗೇ ಕಣ್ಣೆದುರು ನಿಲ್ಲುವುದು. ಎಡಗಡೆ, ಸುಮಾರು 3,000 ಅಡಿ ನೆಟ್ಟಗೆ ಎದ್ದಿರುವ ಎಲ್ ಕ್ಯಾಪಿಟನ್ ಬಂಡೆ. ಬಲಗಡೆ, 620 ಅಡಿ ಎತ್ತರದಿಂದ ಧುಮುಕುವ ಬ್ರೈಡಲ್‌ವೇಲ್ ಜಲಪಾತ. ನಡುವೆ ದೂರದಲ್ಲಿ, ಅರ್ಧಕ್ಕೆ ಕೊಯ್ದ ಗುಮ್ಮಟದಂತಿರುವ ಹಾಫ್ ಡೋಮ್ ಶಿಖರ. ಹಿಮ ಕರಗಿ ನೀರು ತುಂಬಿ ಹರಿಯುವ ಮೇ ತಿಂಗಳಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಆ ದೇಶದಲ್ಲಿ ನೆಲಸಿರುವ ಮಿತ್ರರೊಬ್ಬರು ತಮ್ಮ ಕ್ಯಾಮರಾದೊಡನೆ ಬಂದಿದ್ದುದರಿಂದ, ಕಣಿವೆಯನ್ನು ಎರಡು ವಿಧದ ಬೆಳಕಿನಲ್ಲಿ ನೋಡುವ ಸುಯೋಗ ಒದಗಿತು.

ಸೆಂಟಿನೆಲ್ ಸೇತುವೆಯ ಬಳಿಯ ಹುಲ್ಲುಗಾವಲಿನಲ್ಲಿ ಅವರು ಮುಕ್ಕಾಲಿಯನ್ನು ಊರಿದರು. ಮುಂದೆ ಮಸೂರ, ಹಿಂದೆ ಮಸಕುಗಾಜು, ನಡುವೆ ತಿದಿಯಂತೆ ಹಿಗ್ಗಿ ಕುಗ್ಗುವ ಚೀಲ. ನಮ್ಮ ಹಿರಿಯರು ಪಟ ತೆಗೆಸಿಕೊಳ್ಳಲು ಹೋದಾಗ ಛಾಯಾಚಿತ್ರಗಾರನು ಕರಿಯ ಬಟ್ಟೆ ಹೊದ್ದು ಇಣುಕುತ್ತಿದ್ದನಲ್ಲವೆ? ಅದೇ ಜಾತಿಯ ಯಂತ್ರವಿದು. ಹೊಸತೆಂದರೆ, 4 ಅಂಗುಲಕ್ಕೆ 5 ಅಂಗುಲದ ಫಿಲ್ಮು ಇರಬೇಕಾದೆಡೆಯಲ್ಲಿ ಡಿಜಿಟಲ್ ಫಲಕವೊಂದಿರುವುದು. ಅದರೊಳಗೆ, ಬೆಳಕನ್ನು ಗ್ರಹಿಸುವ ಸಣ್ಣ ಪಟ್ಟಿಯೊಂದು, ನೇಗಿಲು ಸಾಲುಸಾಲಾಗಿ ಹೊಲವನ್ನು ಉಳುವಂತೆ, ಒಂದಂಚಿನಿಂದ ಇನ್ನೊಂದಂಚಿಗೆ ಮೆಲ್ಲನೆ ಸರಿಯುವುದು. ಒಂದು ಚಿತ್ರಕ್ಕೆ ಕೆಲವು ನಿಮಿಷಗಳೇ ಹಿಡಿಯುವುವು. ಅಷ್ಟರಲ್ಲಿ ಗಾಳಿ ಬೀಸಿದರೆ ಎಲೆಗಳ ಅಂಚು ಗರಗಸದಂತೆ ಮೂಡುವುದು. ಸ್ಟೀಫನ್ ಜಾನ್ಸನ್ ಎಂಬ ಛಾಯಾಚಿತ್ರಕಾರರು 1994ರಿಂದ ಇಂತಹ ಫಲಕದಿಂದಲೇ ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಚಿತ್ರಿಸತೊಡಗಿದರು.

ಮಸೂರದ ಮುಂದೆ ಮಿತ್ರರು ಇದ್ದಿಲಿನಂತೆ ಕಪ್ಪಾದ ಗಾಜೊಂದನ್ನು ತೊಡಿಸಿದರು. ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆಯುವುದು. ಕೆಂಪಿನಾಚೆಯ ಕಿರಣಗಳನ್ನು, ಎಂದರೆ ಅವಕೆಂಪು ಕಿರಣಗಳನ್ನು, ಮಾತ್ರ ಒಳಕ್ಕೆ ಬಿಡುವುದು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಕೆಂಪಿನ ಆಚೆಗೆ ಉಷ್ಣಮಾಪಕವನ್ನಿಟ್ಟು ಇವುಗಳ ಇರವನ್ನು ಕಂಡುಹಿಡಿದನು. ಇವು ಮಸೂರದಲ್ಲಿ ಬೇರೆ ದೂರದಲ್ಲಿ ಕೂಡುವುದರಿಂದ, ತಿದಿಯನ್ನು ಮತ್ತಷ್ಟು ಹಿಗ್ಗಿಸಬೇಕಾಯಿತು.

ಗಾಳಿ ನಿಂತಿತು, ಪಟ್ಟಿ ಸರಿಯಿತು, ಚಿತ್ರ ಮೂಡಿತು. ನಡುಹಗಲಿನ ಆಕಾಶ ಕಪ್ಪು, ಮರ್ಸೆಡ್ ನದಿ ಕಪ್ಪು, ಹುಲ್ಲೂ ಮರಗಳೂ ಹಾಲಿನಂತೆ ಬಿಳುಪು!

ನಮ್ಮೊಡನಿದ್ದ ಅತ್ತೆಯವರು ನೋಡಿ, “ಇದೇನಪ್ಪ, ಮೇ ತಿಂಗಳಲ್ಲಿ ಹಿಮ ಬಿದ್ದ ಹಾಗಿದೆಯಲ್ಲ! ಇದು ಸುಳ್ಳು ಚಿತ್ರ” ಎಂದರು.

“ಸುಳ್ಳಲ್ಲಮ್ಮ, ಇದೂ ಬಿಸಿಲೇ. ನಮ್ಮ ಕಣ್ಣಿಗೆ ನಿಲುಕದ ಬಿಸಿಲು, ಅಷ್ಟೆ” ಎಂದರು ಮಿತ್ರರು.

ಎಲೆಯ ಹಸಿರು ದ್ರವ್ಯವು ಕೆಂಪು ಬೆಳಕನ್ನು ಹೀರಿಕೊಳ್ಳುವುದು, ಅವಕೆಂಪನ್ನಾದರೋ ಬಿಟ್ಟುಬಿಡುವುದು. ಹಾಗೆ ಒಳಹೊಕ್ಕ ಕಿರಣವು ಎಲೆಯ ಜೀವಕೋಶಗಳ ನಡುವೆ ಚದರಿ ಹೊರಬರುವುದರಿಂದ ಎಲೆ ಬೆಳ್ಳಗೆ ತೋರುವುದು. ಇದು ಎಲೆಯ ಕಾವಿನ ಚಿತ್ರವಲ್ಲ. ಆಕಾಶವು ನೀಲಿಯನ್ನು ಬಹಳವಾಗಿಯೂ ಅವಕೆಂಪನ್ನು ಅತ್ಯಲ್ಪವಾಗಿಯೂ ಚದರಿಸುವ ಕಾರಣ ಕಪ್ಪಾಗುವುದು. ಇಂತಹ ಚಿತ್ರಗಳನ್ನು ರಾಬರ್ಟ್ ವುಡ್ ಎಂಬ ವಿಜ್ಞಾನಿ 1910ರಲ್ಲಿಯೇ ಪ್ರಕಟಿಸಿದ್ದನು.

ಹಾಗಾದರೆ ನಿಜವಾದ ಚಿತ್ರ ಯಾವುದು? 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತನು ಸುಮಾರು 18 ಅಂಗುಲಕ್ಕೆ 22 ಅಂಗುಲದ ಗಾಜುಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಇದೇ ಕಣಿವೆಗೆ ಬಂದನು. ಆ ಕಾಲದ ಲೇಪಕ್ಕೆ ಮುಖ್ಯವಾಗಿ ನೀಲಿ ಬೆಳಕೇ ತಾಗುತ್ತಿದ್ದುದರಿಂದ ಅವನ ಆಕಾಶ ಬರಿಯ ಬಿಳಿ. 1927ರಲ್ಲಿ ಆನ್ಸೆಲ್ ಆಡಮ್ಸ್ ಕೆಂಪುಗಾಜನ್ನು ತೊಡಿಸಿ ಹಾಫ್ ಡೋಮನ್ನು ಚಿತ್ರಿಸಿದಾಗ ಆಕಾಶ ಕಪ್ಪಿಗೆ ತಿರುಗಿತು. ಬಂಡೆ ಒಂದೇ; ಹಿಡಿದ ಬೆಳಕು ಬೇರೆ ಬೇರೆ. ಪ್ರತಿಯೊಂದು ಚಿತ್ರವೂ ಒಂದನ್ನು ತೋರಿ ಇನ್ನೊಂದನ್ನು ಮರೆಸುವುದು.

ನಮ್ಮ ಚಿತ್ರವು ತೋರಿದುದೇನೆಂಬುದು ಅದನ್ನು ಸಾವಕಾಶವಾಗಿ ನೋಡಿದಾಗ ತಿಳಿಯಿತು. ಕಣ್ಣಿಗೆ ಒಂದೇ ಹಸಿರಾಗಿದ್ದ ಕಾಡು ಅಲ್ಲಿ ಎರಡಾಗಿತ್ತು. ಅಗಲವಾದ ಎಲೆಯ ಓಕ್ ಮರಗಳು ಬೆಳ್ಳಗೆ ಹೊಳೆಯುತ್ತಿದ್ದುವು. ಸೂಜಿಯೆಲೆಯ ಪೈನ್, ಸೀಡರ್ ಮರಗಳು ಬೂದುಬಣ್ಣದಲ್ಲಿ ಅವುಗಳನ್ನು ಸುತ್ತುಗಟ್ಟಿದ್ದುವು. ಇದರ ಹಿಂದೆ ಒಂದು ದುಃಖದ ಕಥೆಯಿದೆ. ಈ ಕಣಿವೆ ಅಹ್ವಾನೀಚೀ ಎಂಬ ಮೂಲನಿವಾಸಿಗಳ ಮನೆಯಾಗಿತ್ತು. ಓಕ್ ಕಾಯಿ ಅವರ ಆಹಾರ. ಆದುದರಿಂದ ಆಗಾಗ ನೆಲಕ್ಕೆ ಬೆಂಕಿಯಿಟ್ಟು, ಪೈನ್ ಸಸಿಗಳನ್ನು ತಡೆದು, ಓಕ್ ತೋಪನ್ನೂ ಹುಲ್ಲುಗಾವಲನ್ನೂ ಕಾಪಾಡುತ್ತಿದ್ದರು. 1851ರಲ್ಲಿ ಸಶಸ್ತ್ರ ದಂಡೊಂದು ನುಗ್ಗಿ ಅವರನ್ನು ಹೊರದೂಡಿತು. 1864ರಲ್ಲಿ ಸರ್ಕಾರವು ಕಣಿವೆಯನ್ನು ರಕ್ಷಿತ ಪ್ರದೇಶವಾಗಿಸಿತು. ಮುಂದೆ ಬೆಂಕಿಯನ್ನೂ ನಿಲ್ಲಿಸಲಾಯಿತು. ಮನುಷ್ಯರ ಕೈ ಸೋಕದ ಕಾಡೆಂದು ಜಗತ್ತು ಮೆಚ್ಚಿದ ಚಿತ್ರಗಳಲ್ಲಿ ಕಂಡುದು, ಅವರು ಸಾಕಿ ಬಿಟ್ಟುಹೋದ ತೋಟವೇ. ತೋಟಿಗರಿಲ್ಲದೆ ಸೂಜಿಯೆಲೆಯ ಮರಗಳು ಹುಲ್ಲುಗಾವಲಿನ ಮೇಲೆ ಏರಿಬಂದುವು.

1970ರ ದಶಕದಿಂದ ಉದ್ಯಾನದ ಅಧಿಕಾರಿಗಳೇ ಹತೋಟಿಯಲ್ಲಿಟ್ಟು ಬೆಂಕಿ ಹಚ್ಚುತ್ತಿರುವರು. ಆ ನೆಲವನ್ನು ಬಲ್ಲವರ ರೀತಿಗೆ ಹೀಗೆ ತಡವಾಗಿಯಾದರೂ ಮನ್ನಣೆ ದೊರೆಯಿತು. ಅತ್ತೆಯವರು ಸುಳ್ಳೆಂದ ಚಿತ್ರದ ಪ್ರತಿಯೊಂದು ಈಗ ಅವರ ಕೋಣೆಯಲ್ಲೇ ಇದೆ. ನೋಡಬಂದವರಿಗೆ ಅವರು ಮೊದಲು ತೋರಿಸುವುದು ಬಂಡೆಯನ್ನಲ್ಲ, ಬೆಳ್ಳಗೆ ಉಳಿದಿರುವ ಆ ಕೆಲವು ಓಕ್ ಮರಗಳನ್ನು.