ಘಟ್ಟ ಇಳಿಯುವ ಇರುಳ ಗಾಡಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾತ್ರಿಯ ರೈಲುಗಾಡಿಯ ವೇಳಾಪಟ್ಟಿಯನ್ನು ಮೊದಲ ಸಲ ನೋಡುವವರಿಗೆ ಅದರಲ್ಲಿ ಎಲ್ಲೋ ಅಚ್ಚಿನ ದೋಷವಿದೆಯೆಂದೇ ತೋರಬಹುದು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ರಾಜಧಾನಿಯನ್ನು ಬಿಟ್ಟ ಗಾಡಿ, ಹಾಸನದವರೆಗೆ ಬಯಲುಸೀಮೆಯ ಇತರ ಎಕ್ಸ್‌ಪ್ರೆಸ್ ಗಾಡಿಗಳಂತೆಯೇ ಓಡುತ್ತದೆ. ಆದರೆ ಸಕಲೇಶಪುರವನ್ನು ದಾಟಿದ್ದೇ ತಡ, ಮುಂದಿನ ೫೫ ಕಿಲೋಮೀಟರ್ ದೂರಕ್ಕೆ ಎರಡು ಗಂಟೆಗೂ ಮಿಕ್ಕ ಹೊತ್ತನ್ನು ತೆಗೆದುಕೊಳ್ಳುತ್ತದೆ. ಇಳಿಜಾರಿನ ರಸ್ತೆಯಲ್ಲಿ ಗಟ್ಟಿಗನಾದ ಸೈಕಲ್ ಸವಾರನೊಬ್ಬ ಇದಕ್ಕೆ ಸರಿಸಮನಾಗಿ ಬಂದಾನು!

ಇದು ಅಚ್ಚಿನ ದೋಷವಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಆ ಹಾದಿ ಪಶ್ಚಿಮ ಘಟ್ಟದ ಒಡಲನ್ನು ಕೊರೆದು ಇಳಿಯುವ ಹಾದಿ. ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತಿಗೆ ತಲಪಬೇಕು, ದಿನಕ್ಕೆ ಎಷ್ಟು ಗಾಡಿಗಳು ಓಡಬಹುದು ಎಂಬುದೆಲ್ಲ ಅಲ್ಲಿಯೇ ನಿಶ್ಚಯವಾಗುತ್ತದೆ. ರಾಜ್ಯದ ರಾಜಧಾನಿಗೂ ಅದರ ಪ್ರಧಾನ ಬಂದರಿಗೂ ನಡುವೆ ಒಂದು ರಾತ್ರಿಯ ನಿದ್ರೆಯಷ್ಟೇ ಅಂತರವಿರಬೇಕೆಂಬ ಸರಳವಾದ ಬಯಕೆ ಈಡೇರಲು ಎಷ್ಟು ಕಾಲ ಹಿಡಿಯಿತೆಂಬುದು ತಿಳಿಯಬೇಕಾದ ಕಥೆ.

ಸುತ್ತುಬಳಸಿನ ದಾರಿ

ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ; ಆದರೆ ಅದು ಬಂದದ್ದು ದಕ್ಷಿಣದಿಂದ. ಅಂದು ದಕ್ಷಿಣ ಕನ್ನಡ ಮದರಾಸು ಪ್ರಾಂತದ ಒಂದು ಜಿಲ್ಲೆ. ಕಚೇರಿ, ನ್ಯಾಯಾಲಯ, ಕಾಲೇಜು ಎಲ್ಲಕ್ಕೂ ಮದರಾಸೇ ಮುಖ್ಯಸ್ಥಾನ. ಆದುದರಿಂದ ಕಲ್ಲಿಕೋಟೆ, ಕಣ್ಣಾನೂರುಗಳ ಮೂಲಕ ಕಡಲ ಅಂಚನ್ನು ಹಿಡಿದು ಬಂದ ಹಳಿ ಮಂಗಳೂರಿನಲ್ಲಿ ಕೊನೆಗೊಂಡಿತು. ಪೂರ್ವಕ್ಕೆ, ಘಟ್ಟದಾಚೆ, ಮೈಸೂರು ಸಂಸ್ಥಾನ. ಎರಡರ ನಡುವೆ ಬೆಟ್ಟ ಅಡ್ಡವಾಗಿದ್ದಂತೆಯೇ ಆಡಳಿತದ ಗಡಿಯೂ ಅಡ್ಡವಾಗಿತ್ತು.

ಆ ದಿನಗಳಲ್ಲಿ ಮಂಗಳೂರಿನವರು ರೈಲಿನಲ್ಲಿಯೇ ಬೆಂಗಳೂರಿಗೆ ಬರಬೇಕೆಂದರೆ ಕಣ್ಣಾನೂರು, ಶೊರನೂರು, ಪಾಲಕ್ಕಾಡು, ಸೇಲಂ, ಜೋಲಾರಪೇಟೆಗಳನ್ನೆಲ್ಲ ಸುತ್ತಿ ಬರಬೇಕಿತ್ತು. ಎಂಟುನೂರು ಕಿಲೋಮೀಟರಿಗೂ ಮಿಕ್ಕ ಪಯಣ! ನೇರವಾದ ರಸ್ತೆಯಲ್ಲಿ ಇದರ ಅರ್ಧದಷ್ಟೂ ದೂರವಿರಲಿಲ್ಲ. ಆದುದರಿಂದ ಜನರು ಘಟ್ಟದ ತಿರುವುಗಳಲ್ಲಿ ಏದುಸಿರು ಬಿಡುವ ಬಸ್ಸುಗಳನ್ನೇ ನಂಬಿದರು. ಹೋಟೆಲಿನ ಕೆಲಸಕ್ಕೆಂದು ಘಟ್ಟ ಹತ್ತಿದ ಹುಡುಗರು, ಓದಲು ಬಂದವರು, ಮದುವೆಯಾಗಿ ಬಯಲುಸೀಮೆಗೆ ಬಂದ ಹೆಣ್ಣುಮಕ್ಕಳು, ಎಲ್ಲರ ನೆನಪಿನಲ್ಲೂ ತವರಿನ ಹಾದಿಯೆಂದರೆ ಬಸ್ಸಿನ ಹಾದಿಯೇ.

೧೯೫೬ರ ನವೆಂಬರ್ ಒಂದರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯವನ್ನು ಸೇರಿತು. ಭೂಪಟದಲ್ಲಿ ಗಡಿ ಅಳಿಯಿತು. ಬೆಟ್ಟ ಹಾಗೆಯೇ ಉಳಿಯಿತು.

ಐವತ್ತೇಳು ಸುರಂಗಗಳು

ಹಾಸನ–ಮಂಗಳೂರು ಮಾರ್ಗದ ನಿರ್ಮಾಣ ಆರಂಭವಾದದ್ದು ೧೯೬೦ರ ದಶಕದಲ್ಲಿ. ಪ್ರಯಾಣಿಕರ ಅನುಕೂಲಕ್ಕಿಂತ ಬಂದರಿನ ಚಿಂತೆಯೇ ಅದಕ್ಕೆ ಹೆಚ್ಚಿನ ಪ್ರೇರಣೆ. ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರು ಏಳುತ್ತಿತ್ತು. ೧೯೭೫ರಲ್ಲಿ ಅದರ ಉದ್ಘಾಟನೆಯೂ ಆಯಿತು. ಒಳನಾಡಿನ ಅದಿರನ್ನು ಹಡಗಿಗೆ ಮುಟ್ಟಿಸಲು ಹಳಿ ಬೇಕಿತ್ತು. ಆದರೆ ಕಾಮಗಾರಿ ಆಮೆಯ ನಡಿಗೆಯಲ್ಲಿ ಸಾಗಿ, ಮೀಟರ್‌ಗೇಜ್ ಹಳಿ ಹಾಸನದಿಂದ ಮಂಗಳೂರನ್ನು ಪೂರ್ತಿಯಾಗಿ ಮುಟ್ಟಿದ್ದು ೧೯೭೯ರಲ್ಲಿ.

ತಡವಾದುದರಲ್ಲಿ ಆಶ್ಚರ್ಯವಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬೆಟ್ಟದ ಬುಡದಲ್ಲಿ. ೫೫ ಕಿಲೋಮೀಟರಿನೊಳಗೆ ಹಳಿ ಎಂಟುನೂರು ಮೀಟರಿನಷ್ಟು ಕೆಳಗಿಳಿಯಬೇಕು. ಕೆಲವೆಡೆ ಐವತ್ತು ಅಡಿಗೆ ಒಂದಡಿಯ ಇಳಿಜಾರು! ಕಣ್ಣಿಗೆ ಅಲ್ಪವೆಂದು ತೋರುವ ಈ ಇಳಿಜಾರು ಕಬ್ಬಿಣದ ಹಳಿಯ ಮೇಲೆ ಉರುಳುವ ಕಬ್ಬಿಣದ ಗಾಲಿಗೆ ಬಲು ಕಡಿದಾದುದು. ಈ ಹಾದಿಯಲ್ಲಿ ೫೭ ಸುರಂಗಗಳಿವೆ, ನೂರಕ್ಕೂ ಮಿಕ್ಕ ಸೇತುವೆಗಳಿವೆ. ಗಾಡಿ ಒಂದು ಸುರಂಗದಿಂದ ಹೊರಗೆ ಮೂತಿ ಚಾಚಿ, ಆಳವಾದ ಕಣಿವೆಯ ಮೇಲಿನ ಸೇತುವೆಯನ್ನು ದಾಟಿ, ಮತ್ತೆ ಇನ್ನೊಂದು ಸುರಂಗದೊಳಗೆ ನುಗ್ಗುತ್ತದೆ. ನಡುವೆ ದೋಣಿಗಾಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು ಎಂಬ ನಾಲ್ಕು ಪುಟ್ಟ ನಿಲ್ದಾಣಗಳು. ಕಾಡಿನ ನಡುವಣ ಈ ನಿಲ್ದಾಣಗಳಲ್ಲಿ ಇಳಿಯುವವರೂ ಹತ್ತುವವರೂ ಇಲ್ಲವೆನ್ನುವಷ್ಟು ವಿರಳ; ಆದರೂ ಇವಿಲ್ಲದೆ ಒಂದು ಗಾಡಿಯೂ ಓಡುವಂತಿಲ್ಲ.

ಹನ್ನೊಂದು ವರ್ಷದ ಮೌನ

ಹೀಗೆ ಬಂದ ರೈಲಿನ ಭಾಗ್ಯ ಬಹುಕಾಲ ಉಳಿಯಲಿಲ್ಲ. ೧೯೯೦ರ ದಶಕದಲ್ಲಿ ದೇಶದ ಮೀಟರ್‌ಗೇಜ್ ಹಳಿಗಳನ್ನು ಬ್ರಾಡ್‌ಗೇಜ್‌ಗೆ ಬದಲಿಸುವ ಕಾರ್ಯ ಭರದಿಂದ ನಡೆಯಿತು. ಬೆಂಗಳೂರಿನ ಸುತ್ತಲಿನ ಹಳಿಗಳು ಒಂದೊಂದಾಗಿ ಅಗಲಗೊಂಡುವು. ೧೯೯೬ರಲ್ಲಿ ಘಟ್ಟದ ಹಾದಿಯೂ ಇದೇ ಕಾರಣಕ್ಕಾಗಿ ಮುಚ್ಚಲ್ಪಟ್ಟಿತು.

ಬಯಲಿನಲ್ಲಿ ಹಳಿಯನ್ನು ಅಗಲಮಾಡುವುದು ಒಂದು ಬಗೆ. ಐವತ್ತೇಳು ಸುರಂಗಗಳೊಳಗೆ ಅದೇ ಕೆಲಸ ಮಾಡುವುದು ಇನ್ನೊಂದು ಬಗೆ. ಹಣದ ಕೊರತೆಯೂ ಸೇರಿಕೊಂಡಿತು. ವರ್ಷದ ಮೇಲೆ ವರ್ಷ ಉರುಳಿತು. ಕೊನೆಗೆ ಈ ಕಾರ್ಯಕ್ಕೆಂದೇ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯೊಂದು ಸ್ಥಾಪನೆಯಾಯಿತು. ೨೦೦೬ರಲ್ಲಿ ಸರಕು ಗಾಡಿಗಳು ಓಡತೊಡಗಿದುವು. ಅದಿರಿಗೆ ದಾರಿ ತೆರೆಯಿತು, ಮನುಷ್ಯರಿಗೆ ತೆರೆಯಲಿಲ್ಲ! ಪ್ರಯಾಣಿಕರ ಗಾಡಿ ಓಡಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಅಗತ್ಯ. ಅಂತೂ ೨೦೦೭ರ ಡಿಸೆಂಬರ್ ೮ರಂದು ಪ್ರಯಾಣಿಕರ ಸಂಚಾರ ಮತ್ತೆ ಆರಂಭವಾಯಿತು. ಗಾಡಿ ನಿಂತಾಗ ಶಾಲೆಗೆ ಸೇರಿದ ಮಗು, ಅದು ಮತ್ತೆ ಓಡುವ ಹೊತ್ತಿಗೆ ಕಾಲೇಜಿನ ಬಾಗಿಲಲ್ಲಿತ್ತು.

ಆ ಹನ್ನೊಂದು ವರ್ಷಗಳಲ್ಲಿ ಜನ ಸುಮ್ಮನೆ ಕುಳಿತಿರಲಿಲ್ಲ. ಸಂಜೆಯಾದೊಡನೆ ಬೆಂಗಳೂರಿನಿಂದ ಸಾಲುಸಾಲಾಗಿ ರಾತ್ರಿಯ ಬಸ್ಸುಗಳು ಹೊರಟುವು. ರೈಲು ಮರಳಿ ಬಂದಾಗ ಪೈಪೋಟಿಗೆ ನಿಲ್ಲಬೇಕಾಯಿತು.

ನಿಧಾನಕ್ಕೆ ನಿದ್ರೆಯೇ ಮದ್ದು

ಘಟ್ಟದಲ್ಲಿ ಗಾಡಿಯ ವೇಗಮಿತಿ ಗಂಟೆಗೆ ೩೦ ಕಿಲೋಮೀಟರ್. ಸಕಲೇಶಪುರದಲ್ಲಿ ಇಳಿಯುವ ಮುನ್ನ ಬ್ರೇಕುಗಳ ಪರೀಕ್ಷೆ ನಡೆಯಬೇಕು. ಹತ್ತುವ ಗಾಡಿಗೆ ಬೆಟ್ಟದ ಬುಡದಲ್ಲಿ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸಬೇಕು. ಇದಾವುದರಲ್ಲೂ ಅವಸರ ಸಲ್ಲದು. ಹಗಲಿನಲ್ಲಿ ಈ ನಿಧಾನ ಎಂಥ ಸಹನಶೀಲನಿಗೂ ಬೇಸರ ತರಿಸೀತು. ಕೆಲಸದ ಅವಸರವಿದ್ದವನು ರಸ್ತೆಯನ್ನೇ ಹಿಡಿದಾನು. ರಾತ್ರಿಯಲ್ಲಾದರೆ ಈ ದೋಷ ದೋಷವಾಗಿಯೇ ಉಳಿಯುವುದಿಲ್ಲ. ಮಲಗಿದವನಿಗೆ ಗಂಟೆಗೆ ಮೂವತ್ತಾದರೇನು, ನೂರಾದರೇನು? ರಾತ್ರಿ ಒಂಬತ್ತೂವರೆಗೆ ಹೊರಟು ಬೆಳಗ್ಗೆ ಏಳರ ಹೊತ್ತಿಗೆ ತಲಪಿದರೆ ಕಚೇರಿಯ ಕೆಲಸವೂ ಕೆಡದು, ಮದುವೆಯ ಮುಹೂರ್ತವೂ ತಪ್ಪದು. ಮಗ್ಗುಲು ಬದಲಿಸಲು ಜಾಗವಿರುವ ರೈಲಿನ ಹಾಸಿಗೆಯ ಸುಖ ಬಸ್ಸಿನ ಕುರ್ಚಿಗೆಲ್ಲಿ?

ಹಾಗಾದರೆ ಇಂಥ ಗಾಡಿಗಳನ್ನು ಹತ್ತಾರು ಓಡಿಸಬಾರದೇಕೆ ಎಂದು ಕೇಳುವವರುಂಟು. ಉತ್ತರ ಆ ನಾಲ್ಕು ಪುಟ್ಟ ನಿಲ್ದಾಣಗಳಲ್ಲಿದೆ. ಘಟ್ಟದಲ್ಲಿರುವುದು ಒಂದೇ ಹಳಿ. ಹತ್ತುವ ಗಾಡಿಗೂ ಇಳಿಯುವ ಗಾಡಿಗೂ ಅದೇ ದಾರಿ; ಒಂದು ಇನ್ನೊಂದಕ್ಕೆ ಎಡೆಗೊಡಬೇಕಾದರೆ ಈ ನಿಲ್ದಾಣಗಳಲ್ಲಿ ಮಾತ್ರ ಸಾಧ್ಯ. ವೇಳಾಪಟ್ಟಿ ಹೆಣೆಯುವ ಅಧಿಕಾರಿಗಳು ದೊಡ್ಡ ಕಾಗದದ ಮೇಲೆ ಒಂದು ಕಡೆ ನಿಲ್ದಾಣಗಳನ್ನೂ ಇನ್ನೊಂದು ಕಡೆ ಗಂಟೆಗಳನ್ನೂ ಗುರುತಿಸಿ, ಪ್ರತಿಯೊಂದು ಗಾಡಿಗೂ ಒಂದು ಓರೆಗೆರೆ ಎಳೆಯುತ್ತಾರೆ. ಎದುರುಬದುರಾಗಿ ಬರುವ ಎರಡು ಗೆರೆಗಳು ಕೂಡುವ ಜಾಗದಲ್ಲಿ ನಿಲ್ದಾಣವಿರಲೇಬೇಕು. ಇಲ್ಲವಾದರೆ ಗೆರೆಯನ್ನು ಅಳಿಸಿ ಮತ್ತೆ ಎಳೆಯಬೇಕು. ಮಂಗಳೂರಿನಿಂದ ರಾತ್ರಿ ಎಂಟರ ಸುಮಾರಿಗೆ ಬಿಟ್ಟ ಗಾಡಿ ನಡುರಾತ್ರಿಯ ಸುಮಾರಿನಲ್ಲಿ ಘಟ್ಟ ಹತ್ತುತ್ತಿರುತ್ತದೆ; ಬೆಂಗಳೂರಿನಿಂದ ಬಂದದ್ದು ಅನಂತರ ಇಳಿಯತೊಡಗುತ್ತದೆ. ಇವುಗಳ ನಡುವೆ ಸರಕು ಗಾಡಿಗಳಿಗೂ ಎಡೆ ಬೇಕು. ಹೊಸದೊಂದು ಗಾಡಿ ಬೇಕೆಂಬ ಬೇಡಿಕೆಯೆಂದರೆ, ತುಂಬಿದ ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕಿದಂತೆ. ಎಲ್ಲರೂ ಸ್ವಲ್ಪ ಸರಿಯಬೇಕು.

ಒಂದು ಗಾಡಿ, ಹಲವು ಊರುಗಳು

ಸರಿಯಲು ಒಪ್ಪುವವರಾರು? ಮಂಗಳೂರಿಗೆಂದು ಬಂದ ಗಾಡಿ ಕೇರಳದ ಕಣ್ಣೂರಿನವರೆಗೆ ವಿಸ್ತರಣೆಗೊಂಡಾಗ, ತಮ್ಮ ಪಾಲಿನ ಹಾಸಿಗೆಗಳು ಕಡಿಮೆಯಾದುವೆಂದು ಮಂಗಳೂರಿಗರು ಅಸಮಾಧಾನಪಟ್ಟರು. ಉಡುಪಿ, ಕುಂದಾಪುರ, ಕಾರವಾರದವರಿಗೂ ರಾಜಧಾನಿಯ ನಂಟು ಬೇಕಿತ್ತು. ಕೆಲವು ಕಾಲ ಗಾಡಿಯನ್ನು ಮಂಗಳೂರಿನಲ್ಲಿ ಎರಡಾಗಿ ಒಡೆದು, ಒಂದು ಪಾಲನ್ನು ಕಣ್ಣೂರಿಗೂ ಇನ್ನೊಂದನ್ನು ಕಾರವಾರಕ್ಕೂ ಕಳಿಸುವ ಏರ್ಪಾಡಿತ್ತು. ಡಬ್ಬಿಗಳನ್ನು ಬಿಚ್ಚಿ, ಎಂಜಿನ್ ಬದಲಿಸಿ, ದಿಕ್ಕು ತಿರುಗಿಸಿ ಹೊರಡುವಷ್ಟರಲ್ಲಿ ಉತ್ತರಕ್ಕೆ ಹೋಗುವವರ ಬೆಳಗೆಲ್ಲ ನಿಲ್ದಾಣದಲ್ಲಿಯೇ ಕಳೆಯುತ್ತಿತ್ತು.

ಇದರ ಜೊತೆಗೆ ಆಡಳಿತದ ತೊಡಕು. ಘಟ್ಟದ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು; ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿದುವು; ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ. ೧೯೦೭ರಲ್ಲಿ ದಕ್ಷಿಣದಿಂದ ಬಂದ ಹಳಿಯ ನಂಟು ಇಷ್ಟು ಕಾಲದ ಮೇಲೂ ಕಳಚಿಲ್ಲ. ಒಂದು ರಾತ್ರಿಯ ಗಾಡಿ ಮೂರು ಮನೆಗಳ ಅನುಮತಿ ಪಡೆದು ನಡೆಯಬೇಕು.

ಕಗ್ಗಂಟು ಸ್ವಲ್ಪಮಟ್ಟಿಗೆ ಸಡಿಲವಾದದ್ದು ಎರಡು ಬದಲಾವಣೆಗಳಿಂದ. ೨೦೧೭ರ ಮಾರ್ಚ್ ತಿಂಗಳಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಬೆಂಗಳೂರು–ಹಾಸನ ನೇರಮಾರ್ಗ ತೆರೆಯಿತು. ಅರಸೀಕೆರೆ ಇಲ್ಲವೆ ಮೈಸೂರನ್ನು ಸುತ್ತುವ ಅಗತ್ಯ ತಪ್ಪಿತು. ೨೦೨೦ರ ಮಾರ್ಚ್ ೭ರಂದು ಕಾರವಾರಕ್ಕೆ ಪ್ರತ್ಯೇಕವಾದ ರಾತ್ರಿಯ ಗಾಡಿ ಹೊರಟಿತು. ಅದು ಮಂಗಳೂರಿನ ಮುಖ್ಯ ನಿಲ್ದಾಣವನ್ನು ಹೊಗದೆ, ಪಡೀಲಿನ ಬಳಸುದಾರಿಯಿಂದ ನೇರವಾಗಿ ಸುರತ್ಕಲ್ಲಿನತ್ತ ಸಾಗುತ್ತದೆ. ಗಂಗೊಳ್ಳಿಯ ಬಳಿ ಐದು ನದಿಗಳು ಕೂಡಿ ಕಡಲನ್ನು ಸೇರುವ ತಾಣವನ್ನು ನೆನಪಿಸುವ ‘ಪಂಚಗಂಗಾ’ ಎಂಬ ಹೆಸರು ಅದಕ್ಕೆ ಸಂದಿತು.

ಮಳೆಯ ಮಾತು

ಇಷ್ಟೆಲ್ಲ ಲೆಕ್ಕಾಚಾರದ ಮೇಲೆ ಕೊನೆಯ ಮಾತು ಮಳೆಯದು. ಕೊಂಕಣ ರೈಲ್ವೆ ಮಳೆಗಾಲಕ್ಕೆಂದೇ ಬೇರೊಂದು ವೇಳಾಪಟ್ಟಿಯನ್ನು ಇಟ್ಟುಕೊಂಡಿದೆ. ಘಟ್ಟದಲ್ಲಿಯಾದರೋ ಮಳೆ ಕೆಲವೊಮ್ಮೆ ವೇಳಾಪಟ್ಟಿಯನ್ನೇ ಹರಿದೊಗೆಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಹಳಿಯ ಮೇಲೆ ಬಿದ್ದು ಸಂಚಾರ ವಾರಗಟ್ಟಲೆ ನಿಂತಿತು. ೨೦೨೪ರ ಜುಲೈ ಕೊನೆಯಲ್ಲಿ ಕಡಗರವಳ್ಳಿ, ಯಡಕುಮೇರಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಸುರಿಯುವ ಮಳೆಯಲ್ಲಿ ಹಗಲಿರುಳು ದುಡಿದು ಅದನ್ನು ಮತ್ತೆ ಕಟ್ಟಬೇಕಾಯಿತು.

ಅಂಥ ರಾತ್ರಿಗಳಲ್ಲಿ ಗಾಡಿ ಬರುವ ಮುನ್ನ ಹಳಿಯ ಗುಂಟ ಒಬ್ಬ ಕಾವಲುಗಾರ ದೀಪ ಹಿಡಿದು ನಡೆಯುತ್ತಾನೆ. ಬಂಡೆ ಉರುಳಿದೆಯೇ, ಮರ ಬಿದ್ದಿದೆಯೇ, ನೀರು ಹಳಿಯ ಬುಡವನ್ನು ಕೊರೆದಿದೆಯೇ ಎಂದು ಕಣ್ಣಿಟ್ಟು ನೋಡುತ್ತಾನೆ. ಕಾಡಿನ ಕತ್ತಲು, ಜಿಗಣೆ, ಆನೆಯ ಭಯ ಇವೆಲ್ಲ ಅವನ ನಿತ್ಯದ ಸಂಗಾತಿಗಳು.

ಕರ್ನಾಟಕದ ಅತ್ಯಂತ ಸುಂದರವಾದ ರೈಲುಮಾರ್ಗಗಳಲ್ಲೊಂದನ್ನು ಇಲ್ಲಿನ ಹೆಚ್ಚಿನ ಪ್ರಯಾಣಿಕರು ಕಣ್ಣುಮುಚ್ಚಿಕೊಂಡೇ ದಾಟುತ್ತಾರೆ. ನೋಟದ ಆಸೆಯುಳ್ಳವರಿಗೆ ಹಗಲಿನ ಗಾಡಿಯುಂಟು. ೨೦೨೧ರಿಂದ ಅದಕ್ಕೆ ಗಾಜಿನ ಮಾಡಿನ ಡಬ್ಬಿಗಳನ್ನೂ ಜೋಡಿಸಿದ್ದಾರೆ. ಇರುಳ ಗಾಡಿಯವರಿಗೆ ಬೇಕಾದದ್ದು ನೋಟವಲ್ಲ, ನಾಳೆಯ ದಿನ. ಸುಬ್ರಹ್ಮಣ್ಯ ರೋಡ್ ಕಳೆದು ಪುತ್ತೂರು, ಬಂಟ್ವಾಳಗಳ ಅಡಕೆ ತೋಟಗಳ ಮೇಲೆ ಬೆಳಕು ಹರಿಯುವ ಹೊತ್ತಿಗೆ ಅವರು ಹೊದಿಕೆ ಮಡಿಸಿ, ಮಕ್ಕಳನ್ನು ಎಬ್ಬಿಸಿ, ಗಂಟುಮೂಟೆ ಎಣಿಸತೊಡಗುತ್ತಾರೆ. ಹಿಂದಿನ ಕಾಲದವರು ಎಂಟುನೂರು ಕಿಲೋಮೀಟರ್ ಸುತ್ತಿ ಬರುತ್ತಿದ್ದ ಊರು ಅವರ ಪಾಲಿಗೆ ಒಂದು ನಿದ್ರೆಯಾಚೆ ಇದೆ.