ಒಂದನೆಯ ತರಗತಿಯ ಮೊದಲ ವಾರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಕಟ್ಟಡ, ದಾನಿಗಳು, ಪರೀಕ್ಷಾ ಫಲಿತಾಂಶ ಮೊದಲಾದವುಗಳ ವಿವರ ಇದ್ದೇ ಇರುತ್ತದೆ. ನಾನಾದರೋ, ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸಬಯಸುತ್ತೇನೆ. ಅದು ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಮಕ್ಕಳು ಶಾಲೆಯಲ್ಲಿ ಕಳೆಯುವ ಮೊದಲ ವಾರ. ಮುಖ್ಯೋಪಾಧ್ಯಾಯನಾದ ಮೇಲೂ ಆ ವಾರದ ಪಾಠವನ್ನು ನಾನೇ ವಹಿಸಿಕೊಳ್ಳುತ್ತಿದ್ದೆ.

ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ, ಹೀಗೆ ಒಂದೇ ಕೋಣೆಯಲ್ಲಿ ಹಲವು ನುಡಿಗಳು ಕುಳಿತಿರುತ್ತವೆ. 1956ರ ನವೆಂಬರ್ 1ರಂದು ಈ ಪ್ರದೇಶವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಬಳಿಕ ಬಸ್ಸಿನ ಫಲಕಗಳೂ ಕಚೇರಿಯ ಕಾಗದಗಳೂ ಹೆಚ್ಚಾಗಿ ಮಲಯಾಳದಲ್ಲಿಯೇ ಕಾಣತೊಡಗಿದವು. ಆದುದರಿಂದ ಪುಸ್ತಕದ ಕನ್ನಡವು ಅನೇಕ ಮಕ್ಕಳ ಕಿವಿಗೆ ಮೊದಲು ಬೀಳುವುದೇ ತರಗತಿಯಲ್ಲಿ.

ಸೋಮವಾರ ಪುಸ್ತಕ ತೆರೆಯುತ್ತಿರಲಿಲ್ಲ. ಅಳು ನಿಲ್ಲಬೇಕು, ಹೆಸರು ಹೇಳಬೇಕು. ಅಂದಿನ ಪಾಠ ಅಷ್ಟೇ. "ಅಮ್ಮ ಏಪ ಬರ್ಪೆರ್?" ಎಂದು ತುಳುವಿನಲ್ಲಿ ಕೇಳಿದ ಮಗುವಿಗೆ "ಇತ್ತೆ ಬರ್ಪೆರ್ ಮಗಾ" ಎಂದು ಸಂತೈಸಿ, ಅದೇ ಉಸಿರಿನಲ್ಲಿ "ಈಗ ಬರುತ್ತಾರೆ" ಎಂದು ಕನ್ನಡದಲ್ಲಿಯೂ ಹೇಳುತ್ತಿದ್ದೆ.

ಮಂಗಳವಾರ ಚಿತ್ರಗಳು. ಬೆಕ್ಕನ್ನು ತೋರಿಸಿದರೆ ತುಳು ಮಗುವೂ ಹವ್ಯಕ ಮಗುವೂ "ಪುಚ್ಚೆ" ಎನ್ನುವರು; ಮಲಯಾಳದ ಮಗು "ಪೂಚ್ಚ", ಕೊಂಕಣಿಯ ಮಗು "ಮಾಜ್ಜರ" ಎನ್ನುವುದು. ಎಲ್ಲವೂ ಸರಿಯೆಂದು ಒಪ್ಪಿದ ಮೇಲೆಯೇ "ಬೆಕ್ಕು" ಎಂಬ ಪದವನ್ನು ಸೇರಿಸುತ್ತಿದ್ದೆ. ಮನೆಯ ಮಾತು ತಪ್ಪೆಂದು ಹೇಳಿಸಿಕೊಂಡ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ಬುಧವಾರ ಅಕ್ಷರ. ವರ್ಣಮಾಲೆಯ ಕ್ರಮವನ್ನು ಹಿಡಿಯದೆ, ಬರೆಯಲು ಸುಲಭವಾದ ರ, ಗ, ಸ ಎಂಬ ಮೂರರಿಂದ ಆರಂಭ. ಮೊದಲು ಮರಳಿನಲ್ಲಿ ಬೆರಳು, ಬಳಿಕ ಸ್ಲೇಟು. ಒರೆಸಲು ತೋಡಿನ ಬದಿಯ ನೀರುಕಡ್ಡಿ. ಮಲಯಾಳದ ರಕಾರವು ತಲೆಕಟ್ಟಿಲ್ಲದ ನಮ್ಮ ಗಕಾರದಂತೆ ಕಾಣುವುದರಿಂದ, ಅಕ್ಕಂದಿರ ಮಲಯಾಳ ಪುಸ್ತಕ ನೋಡಿ ಬಂದ ಮಕ್ಕಳಿಗೆ ಗೊಂದಲವಾಗುತ್ತಿತ್ತು. ಅದಕ್ಕಾಗಿ ತಲೆಕಟ್ಟನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಮೂರೇ ಅಕ್ಷರಗಳಿಂದ ಸರ, ರಸ, ಗರಗಸ ಎಂದು ಓದಬಲ್ಲೆವೆಂದು ತಿಳಿದಾಗ ಆ ಮಕ್ಕಳಿಗಾಗುತ್ತಿದ್ದ ಸಂತೋಷವನ್ನು ಕಂಡವರೇ ಬಲ್ಲರು.

ಗುರುವಾರ ಮಂಜೊಟ್ಟಿ, ಹುಣಸೆಬೀಜ, ಅಡಿಕೆಗಳಿಂದ ಎಣಿಕೆ. "ಒಂಜಿ, ರಡ್ಡ್, ಮೂಜಿ" ಎಂದು ಬೆರಳು ಮಡಚುವ ಮಗುವಿಗೆ ಲೆಕ್ಕ ಬಾರದೆನ್ನುವುದು ಅನ್ಯಾಯ. ಬಾರದಿರುವುದು ಕನ್ನಡದ ಹೆಸರು ಮಾತ್ರ.

ಶುಕ್ರವಾರ ಗಂಜಿ, ಹೆಸರುಕಾಳು ಉಂಡಾದ ಮೇಲೆ ಕತೆ. ನಾಲ್ಕು ದಿನ ತುಟಿ ಬಿಚ್ಚದಿದ್ದ ಮಲಯಾಳ ಮನೆಮಾತಿನ ಹುಡುಗಿಯೊಬ್ಬಳು ಒಂದು ವರ್ಷ ನನ್ನ ಬೆಕ್ಕಿನ ಕತೆಯ ನಡುವೆ ಎದ್ದುನಿಂತು, "ಮಾಷೇ, ಪೂಚ್ಚಗೆ ವೆಳ್ಳಂ ಬೇಡ, ಹಾಲು ಬೇಕು" ಎಂದಳು. ಬೆಕ್ಕೂ ನೀರೂ ಇನ್ನೂ ಅವಳ ಮನೆಯ ಮಾತಿನಲ್ಲಿಯೇ ಇದ್ದವು. ಹಾಲು, ಬೇಕು, ಬೇಡಗಳು ಮಾತ್ರ ಕನ್ನಡಕ್ಕೆ ಬಂದಿದ್ದವು. ಒಂದು ವಾರದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಎಂದೂ ಅಪೇಕ್ಷಿಸಿದವನಲ್ಲ.

ಈ ವಾರದ ಬೆನ್ನಿಗೇ ಆರನೆಯ ಕೆಲಸದ ದಿನ ಬರುತ್ತದೆ. ಕೇರಳದಲ್ಲಿ ಈಗ ಅಂದಿನ ಮಕ್ಕಳ ಸಂಖ್ಯೆಯಂತೆ ಅಧ್ಯಾಪಕರ ಹುದ್ದೆ ನಿರ್ಣಯವಾಗುತ್ತದೆ. ಮಕ್ಕಳು ಕಡಿಮೆಯಾದರೆ ಹುದ್ದೆಗೆ ಸಂಚಕಾರ. ಹುದ್ದೆ ಹೋದ ಮೇಲೆ ತುಳುವಿನಲ್ಲಿ ಸಂತೈಸಿ ಕನ್ನಡದಲ್ಲಿ ಉತ್ತರಿಸುವವರು ಯಾರು?

ಮಕ್ಕಳ ಭವಿಷ್ಯವನ್ನು ನೆನೆದು ಆಂಗ್ಲ ಮಾಧ್ಯಮವನ್ನು ಆರಿಸುವ ತಂದೆತಾಯಿಯರನ್ನು ನಾನು ಹಳಿಯಲಾರೆ. ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದೇ ವಿನಂತಿ: ನಿಮ್ಮ ಮಕ್ಕಳ, ಮೊಮ್ಮಕ್ಕಳ ಶಾಲೆಯನ್ನು ನಿಶ್ಚಯಿಸುವ ಮುನ್ನ ಜೂನ್ ತಿಂಗಳ ಒಂದು ದಿನ ಒಂದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತು ನೋಡಿರಿ. ಬಳಿಕ ನಿಮ್ಮ ಮನಸ್ಸು ಹೇಳಿದಂತೆ ಮಾಡಿರಿ. ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.