ಗೊತ್ತಾಗುತ್ತಾ ಅಂತ ಯಾರೂ ಕೇಳಲಿಲ್ಲ

ಇದನ್ನ ಬರೀಬೇಕೋ ಬೇಡ್ವೋ ಅಂತ ಡಿಸೆಂಬರ್‌ನಿಂದ ಯೋಚಿಸ್ತಾನೇ ಇದ್ದೆ. ಇವತ್ತು ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ಡಿಸೆಂಬರ್ ಮೂರನೇ ವಾರ, ಮೈಸೂರಿನ ಚಳಿ ನಿಮಗೆ ಗೊತ್ತೇ ಇದೆ. ಇಡೀ ದಿನ ಆಫೀಸಲ್ಲಿ ಕೂತು ಬೆನ್ನು ಹಿಡ್ಕೊಂಡಿತ್ತು. ರಾತ್ರಿ ಬಿಸಿನೀರಿನ ಬ್ಯಾಗು ತುಂಬಿಸ್ಕೊಂಡು ಮಲಗಿದೆ. ನಿದ್ದೇಲಿ ಹೊರಳಿರಬೇಕು, ಬ್ಯಾಗು ಎದೆ ಕೆಳಗೆ ಸೇರ್ಕೊಂಡಿದೆ. ಬೆಳಿಗ್ಗೆ ಸ್ನಾನಕ್ಕೆ ಅಂತ ನೈಟಿ ತೆಗೆದ್ರೆ ಎಡ ಮೊಲೆ ಮೇಲೆ ಅಂಗೈಯಗಲ ಕೆಂಪು, ಮಧ್ಯೆ ನೀರು ತುಂಬಿದ ಎರಡು ಬೊಬ್ಬೆ. ನೋವಿಲ್ಲ, ಉರಿ ಇಲ್ಲ. ಬೇರೆ ಯಾರದೋ ಮೈ ನೋಡ್ದಂಗೆ ಕನ್ನಡಿ ಮುಂದೆ ನಿಂತಿದ್ದೆ.

ಮೊಲೆ ಅಂತ ಬರೆದಿದ್ದಕ್ಕೆ ಯಾರಿಗಾದ್ರೂ ಮುಜುಗರ ಆದ್ರೆ ಇಲ್ಲಿಗೇ ನಿಲ್ಸಿ. ಸ್ತನ ಅಂತ ಬರೆದ್ರೆ ನಂಗೆ ಆಸ್ಪತ್ರೆ ಬೋರ್ಡಿನ ಥರ ಕಾಣುತ್ತೆ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಎರಡೂವರೆ ವರ್ಷದ ಹಿಂದೆ ನಂಗೆ ಕ್ಯಾನ್ಸರ್ ಆಗಿ ಎಡ ಮೊಲೆ ತೆಗೆದ್ರು. ಗೊತ್ತಿಲ್ಲದ್ದು ಏನಂದ್ರೆ, ಅಲ್ಲಿ ಈಗ ಇರೋದು ಸಿಲಿಕಾನ್ ಇಂಪ್ಲಾಂಟ್. ಸೊಸೈಟಿಯಿಂದ ಸಾಲ ತಗೊಂಡು ಮಾಡಿಸ್ಕೊಂಡೆ. ಯಾಕೆ ಅಂದ್ರೆ, ಬೇಕು ಅನ್ನಿಸ್ತು, ಅಷ್ಟೇ. ನಮ್ಮ ಸಂಘಟನೆಯ ಒಬ್ಬ ಸಂಗಾತಿ ಆಗ ಆಡ್ರಿ ಲಾರ್ಡ್ ಅವರ ಬಗ್ಗೆ ಒಂದು ಲೇಖನ ಕಳಿಸಿದ್ರು, ಸ್ವಲ್ಪ ಚುಚ್ಚೋಕೇ ಅಂದ್ಕೊತೀನಿ. ಲಾರ್ಡ್ ಕಪ್ಪು ಜನಾಂಗದ ಕವಿ. 1978ರಲ್ಲಿ ಅವರ ಒಂದು ಮೊಲೆ ತೆಗೆದಾಗ ಸ್ವಯಂಸೇವಕಿಯೊಬ್ಬಳು ಬ್ರಾ ಒಳಗೆ ಇಟ್ಕೊಳ್ಳೋಕೆ ಉಣ್ಣೆಯ ಪ್ಯಾಡ್ ತಂದುಕೊಟ್ಟಳಂತೆ. ಅದರ ಬಣ್ಣವೋ ಬಿಳಿ ಹೆಂಗಸರ ಮೈಬಣ್ಣ! ಆಮೇಲೆ ಡಾಕ್ಟರ್ ಹತ್ರ ಪ್ಯಾಡ್ ಇಲ್ದೇ ಹೋದ್ರೆ, ಇಟ್ಕೊಂಡು ಬರಬೇಕಿತ್ತು, ನೋಡೋರ ಮನಸ್ಸು ಕುಗ್ಗುತ್ತೆ ಅಂತ ನರ್ಸ್ ಹೇಳಿದಳು. ಅವರು ಒಪ್ಪಲಿಲ್ಲ. 1980ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ್ರು. ಓದಿ ಕೈ ಮುಗಿದೆ. ಆದ್ರೆ ಅವರು ಬೇಡ ಅಂದಿದ್ದು ಅವರ ಮೈಗೆ. ನಾನು ಬೇಕು ಅಂದಿದ್ದು ನನ್ನ ಮೈಗೆ. ನಮ್ಮ ಹೆಣ್ಣುಮಕ್ಕಳು ಎದೆ ಮುಚ್ಚಬೇಕಾ ಬಿಡಬೇಕಾ ಅಂತ ತಿರುವಾಂಕೂರಿನಲ್ಲಿ ರಾಜರು ತೀರ್ಮಾನ ಮಾಡ್ತಿದ್ರಲ್ಲ, 1859ರವರೆಗೂ ಹೊಡೆದಾಟ ಆಯ್ತಲ್ಲ, ಅದರ ಬಗ್ಗೆ ನಾನೇ ಎಷ್ಟು ಭಾಷಣ ಮಾಡಿದ್ದೀನಿ. ಈಗ ನನ್ನ ರವಿಕೆ ಒಳಗೆ ಏನಿರಬೇಕು ಅಂತ ಸಂಘಟನೆ ತೀರ್ಮಾನ ಮಾಡೋದು ಬೇಡ ಅಂದೆ.

ನಂಗೆ ಸಮಸ್ಯೆ ಆಗಿದ್ದು ಅಲ್ಲಲ್ಲ.

ಆಪರೇಷನ್ನಲ್ಲೇ ಎದೆಯ ಮಾಂಸಖಂಡದ ಕೆಳಗೆ ಒಂದು ಬಲೂನ್ ಥರದ್ದು ಇಟ್ಟಿದ್ರು. ವಾರಕ್ಕೊಮ್ಮೆ ಹೋಗಿ ಅದಕ್ಕೆ ಸೂಜಿಯಲ್ಲಿ ಉಪ್ಪುನೀರು ತುಂಬಿಸ್ಕೊಳ್ಳಬೇಕು. ಚರ್ಮ ಹಿಗ್ಗಿದ ಮೇಲೆ ಅದನ್ನ ತೆಗೆದು ಇಂಪ್ಲಾಂಟ್ ಇಡ್ತಾರೆ. ಮೊದಲನೇ ಸಲ ಸೂಜಿ ನೋಡಿ ಕಣ್ಣು ಮುಚ್ಕೊಂಡೆ. ಏನೂ ಆಗಲಿಲ್ಲ. ಇನ್ನೂ ಚುಚ್ಚಿಲ್ಲ ಅಂದ್ಕೊಂಡು ಕೂತಿದ್ರೆ, "ಆಯ್ತು ಮೇಡಂ, ಏಳಿ, ಎಷ್ಟು ಧೈರ್ಯ ನಿಮಗೆ" ಅಂದ್ರು ನರ್ಸಮ್ಮ. ನಾನೂ ಹೌದು ಅಂತ ಬೀಗಿದೆ. ಮನೆಗೆ ಬಂದು ಮಗಳ ಹತ್ರ ಕೊಚ್ಕೊಂಡೆ. ಅದು ಧೈರ್ಯ ಅಲ್ಲ, ಅಲ್ಲಿ ನರವೇ ಇಲ್ಲ ಅಂತ ಯಾರೂ ಹೇಳಲಿಲ್ಲ. ಸಾಯಂಕಾಲ ಮಾತ್ರ ಎದೆ ಸುತ್ತ ಯಾರೋ ಬೆಲ್ಟ್ ಬಿಗಿದು ಒಂದೊಂದೇ ತೂತು ಮುಂದಕ್ಕೆ ಹಾಕ್ತಿದ್ದಾರೆ ಅನ್ನೋಂಗೆ ಆಗ್ತಿತ್ತು. ಮೇಲೆ ಚರ್ಮಕ್ಕೆ ಏನೂ ತಿಳಿಯಲ್ಲ, ಒಳಗೆ ಉಸಿರು ಕಟ್ಟುತ್ತೆ. ವಿಚಿತ್ರ.

ಆಮೇಲಿನ ವಿಚಿತ್ರಗಳನ್ನ ಹೇಳ್ತೀನಿ. ಯಾಕಂದ್ರೆ ಇವುಗಳಲ್ಲಿ ಒಂದೊಂದಕ್ಕೂ ನಂಗೇನೋ ತಲೆಕೆಟ್ಟಿದೆ ಅಂತ ರಾತ್ರಿಯೆಲ್ಲ ಎದ್ದು ಕೂತಿದ್ದೀನಿ. ಇನ್ನೊಬ್ಬಳು ಹಾಗೆ ಕೂರೋದು ಬೇಡ.

ತೊಟ್ಟು ತೆಗೆದಿದ್ದಾರೆ, ಆದ್ರೆ ತೊಟ್ಟು ನವೆ ಆಗುತ್ತೆ. ಸಿಟಿ ಬಸ್ಸಲ್ಲಿ, ಆಫೀಸಲ್ಲಿ, ಸಾಹೇಬರ ಮುಂದೆ ಫೈಲ್ ಹಿಡ್ಕೊಂಡು ನಿಂತಿದ್ದಾಗ. ಕೆರೆದ್ರೆ ಸಿಲಿಕಾನ್ ಕೆರೆದಂಗೆ, ನವೆ ಇನ್ನೆಲ್ಲೋ ಇದೆ. ಒಂದು ಸಲ ನಮ್ಮ ಸೆಕ್ಷನ್ನಿನ ಹುಡುಗಿ ಮೂರು ತಿಂಗಳ ಮಗು ಎತ್ಕೊಂಡು ಬಂದಿದ್ಲು, ಮಗು ಅತ್ತಿತು. ಇಲ್ಲದ ಮೊಲೆಯಲ್ಲಿ ಹಾಲಿಳಿಯೋವಾಗಿನ ಆ ಸೆಳೆತ ಬಂತು ನೋಡಿ. ನನ್ನ ಮಗಳು ಪಿಯುಸಿ ಓದ್ತಿದ್ದಾಳೆ. ಸ್ಟಾಂಪ್ ಪ್ಯಾಡ್ ಮುಂದೆ ಕೂತು ಕಣ್ಣಲ್ಲಿ ನೀರು. ಇದಕ್ಕೆ ಹೆಸರಿದೆ ಅಂತ ಆಮೇಲೆ ತಿಳೀತು, ಫ್ಯಾಂಟಮ್ ಅಂತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳ್ಕೊಂಡ ಸೈನಿಕರು ಇಲ್ಲದ ಕಾಲು ನೋಯುತ್ತೆ ಅಂದಾಗ, 1871ರಲ್ಲಿ ವೈರ್ ಮಿಚೆಲ್ ಅನ್ನೋ ಡಾಕ್ಟರ್ ಆ ಹೆಸರು ಕೊಟ್ರಂತೆ. ಮೈಯಲ್ಲಿ ಇಲ್ಲದಿದ್ರೂ ಮಿದುಳಿನ ನಕ್ಷೆಯಲ್ಲಿ ಆ ಜಾಗ ಇದ್ದೇ ಇರುತ್ತೆ. ಸೈನಿಕನ ಕಾಲು, ನನ್ನ ಮೊಲೆ, ಎರಡಕ್ಕೂ ಅದೇ ಲೆಕ್ಕ.

ಇನ್ನೊಂದು, ಕರೆಂಟ್ ಹೊಡೆದಂಗೆ ಚುಳುಕ್ ಅನ್ನೋದು. ಕಡಿದ ನರ ಮತ್ತೆ ಚಿಗುರೋವಾಗ ಹಾಗಾಗುತ್ತೆ. ನರ ಬೆಳೆಯೋದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಕಂಕುಳಲ್ಲಿ ಗಂಟು ತೆಗೆಯೋವಾಗ ತೋಳಿನ ಒಳಬದಿಗೆ ಬರೋ ಒಂದು ನರಕ್ಕೂ ಪೆಟ್ಟು ಬಿದ್ದಿದೆ, ಅಲ್ಲಿ ರವಿಕೆ ತೋಳು ತಗುಲಿದ್ರೆ ಮರಳು ಉಜ್ಜಿದಂಗೆ. ಚಳಿಗಾಲದಲ್ಲಿ ಎಡ ಮೊಲೆ ಮಾತ್ರ ಮಡಕೆ ಥರ ತಣ್ಣಗಿರುತ್ತೆ, ಒಳಗೆ ರಕ್ತ ಓಡಾಡಲ್ವಲ್ಲ.

ಮತ್ತೆ ಅದು ಜಿಗಿಯುತ್ತೆ! ಮಾಂಸಖಂಡದ ಕೆಳಗೆ ಇಟ್ಟಿರೋದ್ರಿಂದ ಕೈ ಬಿಗಿ ಮಾಡಿದ್ರೆ ಸಾಕು, ಇಂಪ್ಲಾಂಟ್ ಪಕ್ಕಕ್ಕೆ ಸರಿಯುತ್ತೆ. ನಾನು ಎಡಚಿ. ಸೀಲು ಒತ್ತಿದ್ರೆ ಕಂಕುಳ ಕಡೆಗೆ ಒಂದು ನೆಗೆತ. ಆಪರೇಷನ್ ಆದ ಮೇಲಿನ ಮೊದಲ ಏಪ್ರಿಲ್ 14ಕ್ಕೆ ಪುರಭವನದ ಹತ್ರ ಬಾಬಾಸಾಹೇಬರ ಪ್ರತಿಮೆ ಮುಂದೆ ಮುಷ್ಟಿ ಎತ್ತಿ ಜೈ ಭೀಮ್ ಕೂಗಿದೆ. ಪ್ರತಿ ಜೈ ಭೀಮ್‌ಗೂ ಒಂದು ಜಿಗಿತ. ಪಕ್ಕದಲ್ಲಿದ್ದವರಿಗೆ ಕಾಣಿಸ್ತೇನೋ ಅಂತ ಸೆರಗು ಎಳೆದೆ, ಆಮೇಲೆ ನಗು ತಡೆಯೋಕಾಗ್ದೆ ಘೋಷಣೆ ಅರ್ಧಕ್ಕೇ ನಿಲ್ಸಿದೆ. ಯಾಕ್ರೀ ಅಕ್ಕ ನಗ್ತೀರ ಅಂತ ಹುಡುಗರು ಕೇಳಿದ್ರು. ಹುಡುಗರೇ, ಉತ್ತರ ಇವತ್ತು ಸಿಕ್ತಲ್ಲ.

ಈಗ ಬೊಬ್ಬೆ ವಿಷಯಕ್ಕೆ ಬರ್ತೀನಿ. ಆವತ್ತೇ ಡಾಕ್ಟರ್ ಹತ್ರ ಓಡಿದೆ. ಒಳ್ಳೇ ಮನುಷ್ಯ, ಕೈಗುಣ ಚೆನ್ನಾಗಿದೆ, ಇದರಲ್ಲಿ ಸುಳ್ಳಿಲ್ಲ. ನೋಡಿದ್ರು, ಮುಲಾಮು ಬರೆದ್ರು. "ಯಾಕ್ರೀ ಬಿಸಿ ಇಟ್ಕೊಂಡ್ರಿ? ಅಲ್ಲಿ ಸೆನ್ಸೇಷನ್ ಇರಲ್ಲ ಅಂತ ಗೊತ್ತಿಲ್ವಾ? ಚರ್ಮ ತೆಳು ಇದೆ, ಒಳಗೆ ನಂಜಾದ್ರೆ ಇಂಪ್ಲಾಂಟೇ ತೆಗೀಬೇಕಾಗುತ್ತೆ" ಅಂದ್ರು.

"ನೀವು ಹೇಳಿರಲಿಲ್ವಲ್ಲ ಸರ್."

"ಫಾರಂನಲ್ಲಿ ಇರುತ್ತೆ."

"ಮತ್ತೆ ಯಾವಾಗ ಬರುತ್ತೆ ಸರ್, ಗೊತ್ತಾಗೋದು?"

"ಸ್ವಲ್ಪ ಬರಬಹುದು, ಪೂರ್ತಿ ಬರಲ್ಲ. ಶೇಪ್ ಚೆನ್ನಾಗಿ ಬಂದಿದೆಯಲ್ಲ. ಈ ವಯಸ್ಸಲ್ಲಿ ಅದನ್ನೆಲ್ಲ ಯಾಕೆ ತಲೆಗೆ ಹಚ್ಕೊತೀರಿ."

ಈ ವಯಸ್ಸಲ್ಲಿ. ನಂಗೆ ನಲವತ್ತಾರು.

ಮನೆಗೆ ಬಂದು ಫೈಲ್ ತೆಗೆದೆ. ಗುಮಾಸ್ತೆ ನಾನು, ಪ್ರತಿಯೊಂದರ ಜೆರಾಕ್ಸ್ ಇದೆ. ಇಂಗ್ಲಿಷಿನ ನಾಲ್ಕು ಪುಟದ ಒಪ್ಪಿಗೆ ಫಾರಂ. ಮೂರನೇ ಪುಟದಲ್ಲಿ, ರಕ್ತಸ್ರಾವ, ನಂಜು ಅಂತ ಹೋಗ್ತಾ ಹೋಗ್ತಾ ಎರಡು ಪದ: ಆಲ್ಟರ್ಡ್ ಸೆನ್ಸೇಷನ್. ಕೆಳಗೆ ನನ್ನದೇ ಸಹಿ. ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿಕೊಟ್ಟಿದ್ರು, ಅಲ್ಲಿ ಸೈನ್ ಮಾಡಿದ್ದೆ. ನಾನು ಬಿಎ ಮಾಡಿರೋಳು, ಓದ್ಬಹುದಿತ್ತು. ಆದ್ರೆ ಕ್ಯಾನ್ಸರ್ ಅಂತ ಗೊತ್ತಾಗಿ ಒಂಬತ್ತು ದಿನ ಆಗಿತ್ತು, ಯಾರು ಓದ್ತಾರೆ? ಓದಿದ್ರೂ ಆ ಎರಡು ಪದಕ್ಕೆ "ಬೆಂಕಿ ತಗುಲಿದ್ರೂ ಗೊತ್ತಾಗಲ್ಲ" ಅಂತ ಅರ್ಥ ಅಂತ ತಿಳೀತಿತ್ತಾ? ಆಲ್ಟರ್ ಮಾಡೋದು ಅಂದ್ರೆ ನಂಗೆ ಟೈಲರ್ ರವಿಕೆ ಹಿಡಿಸೋದೇ.

ಡಾಕ್ಟರನ್ನ ಬೈಕೊಂಡು ಮಲಗಿದೆ. ನಿದ್ದೆ ಬರಲಿಲ್ಲ. ಯಾಕಂದ್ರೆ ಆವತ್ತು ಬೆಳಿಗ್ಗೆ ನಾನೂ ನನ್ನ ಟೇಬಲ್ ಹತ್ರ ಸಂಧ್ಯಾ ಸುರಕ್ಷಾ ಅರ್ಜಿ ತಂದಿದ್ದ ಒಬ್ಬ ಅಜ್ಜಿಗೆ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕಿ, "ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು" ಅಂದಿದ್ದೆ. ಏನು ಬರೆದಿದೆ ಅಂತ ಹೇಳಿರಲಿಲ್ಲ. ಹದಿನೆಂಟು ವರ್ಷದಿಂದ ಹೇಳಿಲ್ಲ. ಈಗ ಓದಿ ಹೇಳ್ತಿದ್ದೀನಿ. ಕ್ಯೂನಲ್ಲಿ ನಿಂತವರು ಬೈತಾರೆ, ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಗಿದೆ.

ಈ ವಸ್ತು ಮೊದಲು ಯಾರ ಮೈಗೆ ಇಟ್ರು ಅಂತ ಹುಡುಕಿದೆ, ನಮ್ಮ ಹೋರಾಟಗಾರರ ಚಟ ಇದು. 1962, ಅಮೆರಿಕದ ಹ್ಯೂಸ್ಟನ್. ಟಿಮ್ಮಿ ಜೀನ್ ಲಿಂಡ್ಸೆ. ಫ್ಯಾಕ್ಟರಿಯಲ್ಲಿ ದುಡೀತಿದ್ದ ಆರು ಮಕ್ಕಳ ತಾಯಿ. ಧರ್ಮಾಸ್ಪತ್ರೆಗೆ ಹೋಗಿದ್ದು ಎದೆ ಮೇಲಿನ ಹಚ್ಚೆ ತೆಗೆಸೋಕೆ. ಕ್ರೋನಿನ್, ಗೆರೋ ಅನ್ನೋ ಇಬ್ಬರು ಸರ್ಜನ್‌ಗಳು ನಮ್ಮ ಹೊಸ ಇಂಪ್ಲಾಂಟ್ ಇಡ್ತೀವಿ ಅಂದ್ರು. ಆಕೆಗೆ ಬೇಕಾಗಿದ್ದು ಅದಲ್ಲ, ಚಾಚಿಕೊಂಡಿದ್ದ ಕಿವಿ ಸರಿ ಮಾಡಿಸ್ಕೊಳ್ಳೋದು. ಕಿವೀನೂ ಮಾಡ್ಕೊಡ್ತೀವಿ ಅಂದ ಮೇಲೆ ಒಪ್ಪಿದರಂತೆ. ಅದಕ್ಕೂ ಮುಂಚೆ ಒಂದು ನಾಯಿಗೆ ಇಟ್ಟು ನೋಡಿದ್ರು. ನಾಯಿ, ಆಮೇಲೆ ಬಿಟ್ಟಿ ಆಸ್ಪತ್ರೆಗೆ ಬಂದ ಬಡ ಹೆಂಗಸು. ಈ ಸಾಲು ನಂಗೇನೂ ಹೊಸದಲ್ಲ.

ಅಂದಹಾಗೆ ಇಂಪ್ಲಾಂಟ್ ಇರೋ ಹೆಂಗಸರು ಆಸ್ಪತ್ರೆಯಿಂದ ಕಾರ್ಡ್ ಕೇಳಿ ಇಸ್ಕೊಳ್ಳಿ, ಕಂಪನಿ, ನಂಬರ್, ಮೇಲ್ಮೈ ನುಣುಪೋ ಒರಟೋ ಎಲ್ಲ ಅದರಲ್ಲಿರುತ್ತೆ. ಒರಟು ಮೇಲ್ಮೈಯ ಒಂದು ನಮೂನೆಯಿಂದ ಅಪರೂಪದ ಲಿಂಫೋಮಾ ಕ್ಯಾನ್ಸರ್ ಬರುತ್ತೆ ಅಂತ 2019ರಲ್ಲಿ ಅಮೆರಿಕದ ಎಫ್‌ಡಿಎ ಹೇಳಿ, ಕಂಪನಿ ಜಗತ್ತಿನಾದ್ಯಂತ ಅದನ್ನ ವಾಪಸ್ ತಗೊಳ್ತು. (ಎಫ್‌ಡಿಎ ಅಂದ್ರೆ ಪ್ರಥಮ ದರ್ಜೆ ಸಹಾಯಕರು ಅಂತಷ್ಟೇ ಗೊತ್ತಿದ್ದ ನಂಗೆ ಇದೊಂದು ಜ್ಞಾನೋದಯ.) ನಂದು ನುಣುಪಿನದು. ಆಪರೇಷನ್ ಆಗಿ ಎಷ್ಟೋ ತಿಂಗಳು, ವರ್ಷ ಆದ ಮೇಲೆ ಇದ್ದಕ್ಕಿದ್ದಂತೆ ಊದಿಕೊಂಡ್ರೆ, ಗಟ್ಟಿಯಾಗ್ತಾ ಹೋದ್ರೆ, ಗಂಟು ಸಿಕ್ಕಿದ್ರೆ, ಕೆಂಪಾಗಿ ಜ್ವರ ಬಂದ್ರೆ ಫ್ಯಾಂಟಮ್ ಅಂದ್ಕೊಂಡು ಸುಮ್ಮನಿರಬೇಡಿ, ತೋರಿಸಿ.

ನಮ್ಮವರೊಬ್ಬರು ಕವಿಮಿತ್ರರು, ನನ್ನ ಕತೆ ಕೇಳಿ ಮುಟ್ಟಿದ್ರೆ ಗೊತ್ತಾಗದ ಎದೆಯನ್ನ ಅಸ್ಪೃಶ್ಯತೆಗೆ ಹೋಲಿಸಿ ಪದ್ಯ ಬರೆದು ತಂದ್ರು. ಹರಿದು ಹಾಕಿ ಅಂದೆ. ಆರ್ಟಿಕಲ್ 17ರ ಮೇಲೆ ಗಂಟೆಗಟ್ಟಲೆ ಮಾತಾಡೋಳು ನಾನು. ಅದು ಬೇರೆಯವರು ಮಾಡಿದ ಅನ್ಯಾಯ, ಇದು ಜೀವ ಉಳಿಸೋಕೆ ಕಡಿದ ನರ. ಎರಡನ್ನೂ ಕಲಸಬೇಡಿ. ಪಾಪ, ಬೇಜಾರಾದ್ರು.

ಆದ್ರೆ ಮುಟ್ಟೋದು ಅಂದಾಗ ಅವ್ವನ ಬಗ್ಗೆ ಹೇಳ್ಬೇಕು. ನಮ್ಮವ್ವ ಊರಲ್ಲಿ ಸೂಲಗಿತ್ತಿ. ಮೇಲ್ಜಾತಿ ಬೀದಿಯವರೂ ರಾತ್ರೋರಾತ್ರಿ ಲಾಟೀನು ಹಿಡ್ಕೊಂಡು ಕರೆಯೋಕೆ ಬರೋರು. ಹಿತ್ತಲ ಬಾಗಿಲಿಂದ ಹೋಗ್ಬೇಕು. ಮಗು ಅವ್ವನ ಕೈಗೇ ಬೀಳ್ಬೇಕು, ಅವ್ವ ಬಂದ ಮೇಲೆ ಕೂತಿದ್ದ ಜಾಗಕ್ಕೆ ಸಗಣಿನೀರು ಹಾಕ್ಬೇಕು. ಅಂಥ ಕೈ. ಬೊಬ್ಬೆ ಮಾಗಿದ ಮೇಲೆ ಅವ್ವ ಮೈಸೂರಿಗೆ ಬಂದು ಎರಡು ತಿಂಗಳು ಇದ್ಲು. ದಿನಾ ಸಾಯಂಕಾಲ ಕೊಬ್ಬರಿ ಎಣ್ಣೆ ಹಚ್ಚಿ ಅಂಚಿಂದ ಮಧ್ಯಕ್ಕೆ ಬೆರಳು ಆಡಿಸೋಳು.

"ಗೊತ್ತಾಯ್ತದಾ ಮಗ?"

"ಇಲ್ಲ ಕಣವ್ವ."

"ಇಲ್ಲಿ?"

"ಒತ್ತಿದ್ದು ಗೊತ್ತಾಯ್ತು. ನಿನ್ ಕೈ ಗೊತ್ತಾಗ್ಲಿಲ್ಲ."

ಎರಡೂವರೆ ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಶೇಪ್ ಹೇಗಿದೆ ಅಂತ ಎಲ್ಲರೂ ಕೇಳಿದ್ದಾರೆ, ನನ್ನ ಗಂಡನನ್ನೂ ಸೇರಿಸಿ. ಪಕ್ಕೆ ಕಡೆಯ ಅಂಚಲ್ಲಿ ಅವ್ವ ಹಣೆಗಿಡೋ ಕುಂಕುಮದಲ್ಲಿ ಒಂದು ಗೆರೆ ಎಳೆದು, ಇಲ್ಲಿಗಂಟ ಅದೆ ಅಂತ ಗುರುತು ಮಾಡಿದ್ಲು. ಊರಿಗೆ ಹೊರಡೋ ದಿನ ನೋಡಿದ್ರೆ ಗೆರೆಯಿಂದ ಒಂದು ಬೆರಳು ಒಳಗೆ ಗೊತ್ತಾಗ್ತಿತ್ತು. ಅವ್ವನ ಎಣ್ಣೆಯೋ, ಚಿಗುರಿದ ನರವೋ. ಫಿಸಿಯೋಥೆರಪಿಸ್ಟ್ ಕೂಡ ಹತ್ತಿ, ರೇಷ್ಮೆ, ಟವೆಲ್ ಅಂತ ಬೇರೆ ಬೇರೆ ಬಟ್ಟೆ ಸವರಿ ಅಭ್ಯಾಸ ಮಾಡಿ ಅಂದ್ರು. ಅಮೆರಿಕದಲ್ಲಿ ಕೆಲವು ಸರ್ಜನ್‌ಗಳು ಮೊಲೆ ಕಟ್ಟೋವಾಗಲೇ ಕಡಿದ ನರವನ್ನೂ ಜೋಡಿಸ್ತಾರಂತೆ. ಅಂದ್ರೆ ಈ ಪ್ರಶ್ನೆ ಕೇಳಿದವರು ಎಲ್ಲೋ ಇದ್ದಾರೆ.

ನಮ್ಮ ಮಹಿಳಾ ಘಟಕದ ನಂಜನಗೂಡಿನ ತಂಗಿಯೊಬ್ಬಳಿಗೆ ಬರೋ ತಿಂಗಳು ಆಪರೇಷನ್ ಇದೆ. ಇಂಪ್ಲಾಂಟ್ ಬೇಕಾ ಬೇಡ್ವಾ ಅಂತ ಅವಳು ಇನ್ನೂ ತೀರ್ಮಾನ ಮಾಡಿಲ್ಲ, ನಾನೂ ಹೇಳಲ್ಲ. ಸೋಮವಾರ ಅವಳ ಜೊತೆ ಆಸ್ಪತ್ರೆಗೆ ಹೋಗ್ತಿದ್ದೀನಿ, ಫಾರಂ ಕನ್ನಡದಲ್ಲಿ ಓದಿ ಹೇಳೋಕೆ. ಒಂದು ದಿನದ ಸಿಎಲ್ ಹಾಕಿದ್ದೀನಿ.

ಬಿಸಿನೀರಿನ ಬ್ಯಾಗನ್ನ ಮಗಳು ಅಟ್ಟದ ಮೇಲೆ ಎಸೆದಿದ್ದಾಳೆ. ಬೆನ್ನು ಇನ್ನೂ ನೋಯ್ತಾನೇ ಇದೆ.

ಜೈ ಭೀಮ್.